‘ಮಾಹಿತಿ ಲಭ್ಯವಿಲ್ಲ’

2014ರ ಜನವರಿ 9, ಗುರುವಾರ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ರಾಜಧಾನಿ ಚಾರ್ಲ್ಸ್‌ಟನ್‌ನಲ್ಲಿ ಬೆಳಗ್ಗೆಯಿಂದಲೇ ಜ್ಯೇಷ್ಠಮಧುವಿನಂಥ ಸಿಹಿ ವಾಸನೆ. ಜನ ದೂರು ಕೊಟ್ಟರು. ಅಧಿಕಾರಿಗಳು ವಾಸನೆಯ ಜಾಡು ಹಿಡಿದು ಎಲ್ಕ್ ನದಿಯ ದಂಡೆಗೆ ಬಂದಾಗ ಫ್ರೀಡಂ ಇಂಡಸ್ಟ್ರೀಸ್ ಎಂಬ ಕಂಪನಿಯ ಹಳೆಯ ಟ್ಯಾಂಕೊಂದು ತೂತು ಬಿದ್ದು ಸೋರುತ್ತಿತ್ತು. ಸೋರಿದ ದ್ರವ ಸುಮಾರು 10,000 ಗ್ಯಾಲನ್. ಅಲ್ಲಿಂದ ಕೆಳಗೆ ಎರಡು ಮೈಲಿಯೂ ಇಲ್ಲದ ದೂರದಲ್ಲಿ ಇಡೀ ಪ್ರದೇಶಕ್ಕೆ ಕುಡಿಯುವ ನೀರೆತ್ತುವ ಸ್ಥಾವರವಿತ್ತು. ಆ ಸಂಜೆ 9 ಕೌಂಟಿಗಳ ಸುಮಾರು 3 ಲಕ್ಷ ಜನರಿಗೆ ಆದೇಶ ಬಂತು: ನಲ್ಲಿ ನೀರು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ, ಸ್ನಾನ ಮಾಡಬೇಡಿ, ಬಟ್ಟೆ ಒಗೆಯಬೇಡಿ.

ಸೋರಿದ್ದರ ಹೆಸರು ಕಚ್ಚಾ ಎಂಸಿಎಚ್‌ಎಂ. ಬಿಡಿಸಿ ಹೇಳಿದರೆ 4-ಮೀಥೈಲ್‌ಸೈಕ್ಲೋಹೆಕ್ಸೇನ್‌ಮೆಥನಾಲ್. ಗಣಿಯಿಂದ ಬಂದ ಕಲ್ಲಿದ್ದಲನ್ನು ತೊಳೆಯಲು ಬಳಸುವ ವಸ್ತು. ಅಮೆರಿಕದಲ್ಲಿ ಕಾರ್ಖಾನೆಗೆ ಹೋಗುವ ಪ್ರತಿ ರಾಸಾಯನಿಕದ ಜೊತೆಗೂ ಒಂದು ಸುರಕ್ಷತಾ ಪತ್ರ ಇರುತ್ತದೆ. ಚರ್ಮಕ್ಕೆ ತಾಗಿದರೆ ಏನು, ಹೊಟ್ಟೆಗೆ ಹೋದರೆ ಏನು, ಕ್ಯಾನ್ಸರ್ ತರುತ್ತದೆಯೇ ಎಂದೆಲ್ಲ ಅದರಲ್ಲಿ ಬರೆದಿರಬೇಕು. ಅಧಿಕಾರಿಗಳು ಆ ಪತ್ರ ತೆಗೆದು ನೋಡಿದರು. ಒಂದು ಸಲ ಹೊಟ್ಟೆಗೆ ಹೋದರೆ ಇಲಿಗಳಲ್ಲಿ ಅರ್ಧಪಾಲು ಸಾಯುವ ಪ್ರಮಾಣ ಎಷ್ಟು ಎಂಬ ಅಂಕಿಯಿತ್ತು. ಅದಾದ ಮೇಲೆ ಕಾಲಂ ನಂತರ ಕಾಲಂನಲ್ಲಿ ಕಂಡದ್ದು ಒಂದೇ ಮಾತು: ‘ಮಾಹಿತಿ ಲಭ್ಯವಿಲ್ಲ’.

ಆದರೂ ಎಷ್ಟು ಕಡಿಮೆಯಾದರೆ ನೀರು ಕುಡಿಯಬಹುದು ಎಂದು ಯಾರಾದರೂ ಹೇಳಲೇಬೇಕಿತ್ತು. ರೋಗ ನಿಯಂತ್ರಣ ಸಂಸ್ಥೆಯ (ಸಿಡಿಸಿ) ತಜ್ಞರ ಕೈಗೆ ಸಿಕ್ಕಿದ್ದು ತಯಾರಕರಾದ ಈಸ್ಟ್‌ಮನ್ ಕಂಪನಿ 1990ರ ಸುಮಾರಿಗೆ ಮಾಡಿಸಿ, ಪ್ರಕಟಿಸದೆ ಇಟ್ಟಿದ್ದ ಅಧ್ಯಯನ. ಇಲಿಗಳಿಗೆ 4 ವಾರ ಕೊಟ್ಟಾಗ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿಗ್ರಾಂವರೆಗೆ ತೊಂದರೆ ಕಂಡಿರಲಿಲ್ಲ. ಇಲಿ ಬೇರೆ ಮನುಷ್ಯ ಬೇರೆ ಎಂದು ಅದನ್ನು 10ರಿಂದ ಭಾಗಿಸಿದರು. ಮನುಷ್ಯರಲ್ಲೂ ಎಲ್ಲರ ಮೈ ಒಂದೇ ಅಲ್ಲ ಎಂದು ಮತ್ತೆ 10ರಿಂದ. ಮಾಹಿತಿಯೇ ಕಡಿಮೆ ಎಂಬ ಕಾರಣಕ್ಕೆ ಇನ್ನೊಮ್ಮೆ 10ರಿಂದ. ಉಳಿದದ್ದು 0.1 ಮಿಲಿಗ್ರಾಂ. 10 ಕಿಲೋ ತೂಕದ ಮಗು ದಿನಕ್ಕೆ 1 ಲೀಟರ್ ನೀರು ಕುಡಿದರೆ? ಲೀಟರಿಗೆ 1 ಮಿಲಿಗ್ರಾಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಜನವರಿ 13ರಿಂದ ಒಂದೊಂದೇ ಬಡಾವಣೆಯಲ್ಲಿ ನಿಷೇಧ ಸಡಿಲವಾಯಿತು. ಎರಡು ದಿನ ಕಳೆದು ಇನ್ನೊಂದು ಸಲಹೆ ಬಂತು: ಗರ್ಭಿಣಿಯರು ಸದ್ಯಕ್ಕೆ ಬಾಟಲಿ ನೀರು ಕುಡಿಯುವುದು ಒಳಿತು. ಅಷ್ಟರಲ್ಲಿ ಎಷ್ಟೋ ಗರ್ಭಿಣಿಯರು ನಲ್ಲಿ ನೀರು ಕುಡಿದಾಗಿತ್ತು.

ಇನ್ನೂ ಒಂದು ತೊಡಕಿತ್ತು. ಇಲಿಗಳಿಗೆ ಕೊಟ್ಟಿದ್ದು ಶುದ್ಧ ಎಂಸಿಎಚ್‌ಎಂ. ನದಿಗೆ ಬಿದ್ದಿದ್ದು ಕಚ್ಚಾ ಮಾಲು, ಅಂದರೆ ಹಲವು ವಸ್ತುಗಳ ಮಿಶ್ರಣ. ಹೆಸರು ಹೆಚ್ಚುಕಡಿಮೆ ಒಂದೇ, ವಸ್ತು ಬೇರೆ.

* * *

ಎಲ್ಕ್ ನದಿ ಚಾರ್ಲ್ಸ್‌ಟನ್‌ನಲ್ಲೇ ಕನಾವಾ ನದಿಯನ್ನು ಸೇರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ಹೋದರೆ ಕನಾವಾ ದಂಡೆಯ ಮೇಲೆ ಇನ್‌ಸ್ಟಿಟ್ಯೂಟ್ ಎಂಬ ಊರು. ಅಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಕಾರ್ಖಾನೆಯಿತ್ತು. ಮೀಥೈಲ್ ಐಸೋಸಯನೇಟ್ ಎಂಬ ದ್ರವವನ್ನು ಆ ಕಂಪನಿ ತಯಾರಿಸುತ್ತಿದ್ದ ಜಾಗಗಳಲ್ಲಿ ಅದೊಂದು. ಇನ್ನೊಂದು ಭೋಪಾಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಟ್ಯಾಂಕಿನೊಳಗೆ ನೀರು ಸೇರಿತು. ಬಿಸಿಯೇರಿ ಸುಮಾರು 40 ಟನ್ ಅನಿಲ ಊರಿನ ಮೇಲೆ ಹರಡಿತು. ಮಧ್ಯಪ್ರದೇಶ ಸರ್ಕಾರ ಒಪ್ಪಿಕೊಂಡ ಸಾವಿನ ಲೆಕ್ಕ 3,787; ಬೇರೆಯವರ ಅಂದಾಜುಗಳು ಇದರ ಎಷ್ಟೋ ಪಟ್ಟು. ಆ ರಾತ್ರಿ ಹಮೀದಿಯಾ ಆಸ್ಪತ್ರೆಗೆ ಕಣ್ಣು ಬಿಡಲಾರದ, ಉಸಿರು ಎಳೆಯಲಾರದ ಸಾವಿರಾರು ಜನ ಬಂದಾಗ ವೈದ್ಯರಿಗೆ ಬೇಕಾಗಿದ್ದು ಎರಡೇ ವಿಷಯ. ಇದು ಏನು? ಇದಕ್ಕೆ ಮದ್ದೇನು? ಮೀಥೈಲ್ ಐಸೋಸಯನೇಟಿನ ವಿಷತ್ವದ ಬಗ್ಗೆ ಪ್ರಕಟವಾಗಿದ್ದ ಅಧ್ಯಯನಗಳು ಆಗ ಬೆರಳೆಣಿಕೆಯಷ್ಟು.

ಮುಂದಿನ ವಾರಗಳಲ್ಲಿ ಒಂದು ಹೆಸರಿನ ಸುತ್ತ ಜಗಳ ನಡೆಯಿತು. ಐಸೋಸಯನೇಟ್ ಮತ್ತು ಸಯನೈಡ್ ಕಿವಿಗೆ ನೆಂಟರಂತೆ ಕೇಳಿಸುತ್ತವೆ. ರಸಾಯನಶಾಸ್ತ್ರದಲ್ಲಿ ಅವು ಬೇರೆ ಬೇರೆ. ಆದರೆ ಬಿಸಿಯಾದ ಟ್ಯಾಂಕಿನಿಂದ ಹೊರಬಂದದ್ದರಲ್ಲಿ ಸಯನೈಡ್ ಕೂಡ ಇತ್ತೇ? ಇದ್ದರೆ ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಕೊಡಬಹುದು. ಕೊಡಬೇಕು ಎಂದವರು ಕೆಲವರು, ಬೇಡ ಎಂದವರು ಕೆಲವರು. ವಾದ ತಿಂಗಳುಗಟ್ಟಲೆ ನಡೆಯಿತು. ರೋಗಿಗಳು ಕಾದರು.

ಮಾರನೆಯ ವರ್ಷ, 1985ರ ಆಗಸ್ಟ್ 11ರಂದು, ಇನ್‌ಸ್ಟಿಟ್ಯೂಟ್‌ನ ಕಾರ್ಖಾನೆಯಲ್ಲೇ ಅಲ್ಡಿಕಾರ್ಬ್ ಆಕ್ಸೈಮ್ ಎಂಬ ಇನ್ನೊಂದು ವಸ್ತು ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಭೋಪಾಲ ದೂರದ ಬಡ ದೇಶದ ಕಥೆ ಎಂದುಕೊಂಡಿದ್ದ ಅಮೆರಿಕನ್ನರಿಗೆ ಅದು ತಮ್ಮದೇ ಕಣಿವೆಯ ಕಥೆಯಾಯಿತು. 1986ರ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಹೊಸ ಕಾಯ್ದೆ ತಂದಿತು. ತಮ್ಮ ನೆರೆಯ ಕಾರ್ಖಾನೆಯಲ್ಲಿ ಏನಿದೆ, ಅದು ಎಷ್ಟನ್ನು ಗಾಳಿಗೂ ನೀರಿಗೂ ಬಿಡುತ್ತಿದೆ ಎಂದು ತಿಳಿಯುವ ಹಕ್ಕು ಜನರಿಗೆ ಸಿಕ್ಕಿತು. ಭಾರತದಲ್ಲೂ ಅದೇ ವರ್ಷ ಪರಿಸರ (ಸಂರಕ್ಷಣೆ) ಕಾಯ್ದೆ ಬಂತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು.

ಆದರೆ ‘ಏನಿದೆ’ ಎಂದು ತಿಳಿಯುವುದು ಒಂದು, ‘ಅದು ಏನು ಮಾಡುತ್ತದೆ’ ಎಂದು ತಿಳಿಯುವುದು ಇನ್ನೊಂದು. ಭೋಪಾಲದ ನಂತರ ಮೊದಲನೆಯದಕ್ಕೆ ಕಾನೂನು ಬಂತು. ಎರಡನೆಯದು ಉಳಿದುಕೊಂಡಿತು. ಅದಾಗಿ 29 ವರ್ಷಕ್ಕೆ ಅದೇ ಕಣಿವೆಯ ಜನ ಖಾಲಿ ಕಾಲಂಗಳ ಆ ಹಾಳೆಯನ್ನು ಓದಬೇಕಾಯಿತು.

* * *

ಈ ಕಾಲಂ ಖಾಲಿ ಉಳಿದದ್ದು ಹೇಗೆ?

ಅತಿಯಾದರೆ ಅಮೃತವೂ ವಿಷ ಎಂಬುದು ನಮ್ಮಲ್ಲಿ ಗಾದೆ. ಯಾವುದು ಎಷ್ಟಾದರೆ ‘ಅತಿ’ ಎಂದು ಅಳೆಯುವುದು ವಿಷವಿಜ್ಞಾನದ ಕೆಲಸ. 1927ರಲ್ಲಿ ಜೆ. ಡಬ್ಲ್ಯು. ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ಅಳತೆಗೋಲು ಕೊಟ್ಟರು: ಪ್ರಯೋಗದ ಪ್ರಾಣಿಗಳಲ್ಲಿ ಅರ್ಧಪಾಲು ಸಾಯುವ ಪ್ರಮಾಣ. ಡಿಜಿಟಾಲಿಸ್, ಇನ್ಸುಲಿನ್‌ನಂಥ ಔಷಧಗಳ ಒಂದು ಬ್ಯಾಚಿಗೂ ಇನ್ನೊಂದಕ್ಕೂ ಶಕ್ತಿಯನ್ನು ಹೋಲಿಸಲು ಮಾಡಿದ ಅಳತೆ ಅದು. ಮುಂದೆ ಎಲ್ಲ ರಾಸಾಯನಿಕಗಳಿಗೂ ಅದೇ ಮೊದಲ ಅಂಕಿಯಾಯಿತು. ಎಷ್ಟೋ ರಾಸಾಯನಿಕಗಳಿಗೆ ಕೊನೆಯದೂ ಅದೇ.

1937ರಲ್ಲಿ ಅಮೆರಿಕದ ಟೆನೆಸಿಯ ಔಷಧ ಕಂಪನಿಯೊಂದು ಸಲ್ಫನಿಲಮೈಡ್ ಔಷಧವನ್ನು ಮಕ್ಕಳೂ ಕುಡಿಯುವಂತೆ ಸಿಹಿಯಾದ ದ್ರವದಲ್ಲಿ ಕರಗಿಸಿ ಮಾರಿತು. ಕರಗಿಸಲು ಬಳಸಿದ್ದು ಡೈಎಥಿಲೀನ್ ಗ್ಲೈಕಾಲ್. ಅದು ವಿಷವೇ ಎಂದು ಮಾರುವ ಮುನ್ನ ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸಬೇಕೆಂಬ ಕಾನೂನೂ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಸೀಸೆಗಳನ್ನು ವಶಪಡಿಸಿಕೊಳ್ಳಲು ಸಾಧ್ಯವಾದದ್ದು ಒಂದು ಶಬ್ದದ ದೆಸೆಯಿಂದ. ಲೇಬಲ್ಲಿನ ಮೇಲೆ ‘ಎಲಿಕ್ಸರ್’ ಎಂದಿತ್ತು. ಎಲಿಕ್ಸರ್ ಎಂದರೆ ಅದರಲ್ಲಿ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇರಲಿಲ್ಲ. ಅಂದರೆ ಕಾನೂನು ಹಿಡಿದ ತಪ್ಪು ಕೊಂದದ್ದಲ್ಲ, ಸುಳ್ಳು ಹೆಸರು ಇಟ್ಟದ್ದು. ಮರುವರ್ಷವೇ, ಔಷಧ ಮಾರುವ ಮೊದಲು ಸುರಕ್ಷತೆ ತೋರಿಸಬೇಕೆಂಬ ಕಾಯ್ದೆ ಬಂತು. ಅರ್ಧ ಶತಮಾನ ಕಳೆದ ಮೇಲೆ, 1986ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್‌ನೊಳಗೆ ಸೇರಿಕೊಂಡು ಬಂದ ಅದೇ ಡೈಎಥಿಲೀನ್ ಗ್ಲೈಕಾಲ್ 14 ರೋಗಿಗಳ ಪ್ರಾಣ ತೆಗೆಯಿತು.

ಔಷಧಕ್ಕೆ ಕಾಯ್ದೆ ಬಂದ ಮೇಲೂ ಬಣ್ಣ, ಪ್ಲಾಸ್ಟಿಕ್, ಅಂಟು, ಸಾಬೂನು, ಕಲ್ಲಿದ್ದಲು ತೊಳೆಯುವ ದ್ರವ ಇವುಗಳಿಗೆ ಅಂಥ ತಡೆಯಿರಲಿಲ್ಲ. 1976ರ ಅಕ್ಟೋಬರಿನಲ್ಲಿ ಅಮೆರಿಕ ವಿಷಕಾರಿ ವಸ್ತುಗಳ ನಿಯಂತ್ರಣ ಕಾಯ್ದೆಯನ್ನು ತಂದಿತು. ಆಗ ಬಳಕೆಯಲ್ಲಿದ್ದ ರಾಸಾಯನಿಕಗಳ ಪಟ್ಟಿ ಮಾಡಿದಾಗ ಸುಮಾರು 62,000 ಹೆಸರು ಬಂದವು. ಅಷ್ಟನ್ನೂ ‘ಇದ್ದವು ಇರಲಿ’ ಎಂದು ಒಳಗೆ ಬಿಟ್ಟುಕೊಂಡರು. ಪರೀಕ್ಷೆ ಕೇಳಬೇಕಾದರೆ ಅಪಾಯವಿದೆ ಎಂದು ಮೊದಲು ಪರಿಸರ ಸಂರಕ್ಷಣಾ ಸಂಸ್ಥೆಯೇ (ಇಪಿಎ) ತೋರಿಸಬೇಕು. ಅಪಾಯ ತೋರಿಸಬೇಕಾದರೆ ಪರೀಕ್ಷೆ ಆಗಿರಬೇಕು. ಈ ಸುಳಿಯಲ್ಲಿ ಸಿಕ್ಕಿ ಮುಂದಿನ ಮೂರು ದಶಕಗಳಲ್ಲಿ ಸಂಸ್ಥೆ ಪರೀಕ್ಷೆ ಮಾಡಿಸಲು ಸಾಧ್ಯವಾದದ್ದು ಸುಮಾರು 200 ರಾಸಾಯನಿಕಗಳಿಗೆ.

1984ರಲ್ಲಿ, ಭೋಪಾಲ ನಡೆದ ವರ್ಷದಲ್ಲೇ, ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಕತ್ತಲೆಯ ಅಳತೆ ತೆಗೆಯಿತು. 65,000ಕ್ಕೂ ಹೆಚ್ಚು ವಸ್ತುಗಳ ಪಟ್ಟಿಯಿಂದ 100ನ್ನು ಆರಿಸಿ, ಪ್ರತಿಯೊಂದರ ಬಗ್ಗೆ ಏನು ಗೊತ್ತಿದೆ ಎಂದು ಹುಡುಕಿತು. ಔಷಧ, ಕೀಟನಾಶಕಗಳ ಬಗ್ಗೆ ಒಂದಿಷ್ಟಾದರೂ ಇತ್ತು. ಉಳಿದ ವಾಣಿಜ್ಯ ರಾಸಾಯನಿಕಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಪಾಲಿಗೆ ವಿಷತ್ವದ ಯಾವ ಮಾಹಿತಿಯೂ ಸಿಗಲಿಲ್ಲ.

ಒಂದೊಂದನ್ನೇ ಪರೀಕ್ಷಿಸಿ ಮುಗಿಸೋಣವೆಂದರೆ ಆಗುವ ಮಾತಲ್ಲ. ಒಂದು ವಸ್ತು ಕ್ಯಾನ್ಸರ್ ತರುತ್ತದೆಯೇ ಎಂದು ನೋಡಲು ಇಲಿಗಳಿಗೆ ಎರಡು ವರ್ಷ ಕೊಡಬೇಕು. ಸಿದ್ಧತೆ, ಅಂಗಾಂಶ ಪರೀಕ್ಷೆ, ವರದಿ ಎಲ್ಲ ಸೇರಿದರೆ ಇನ್ನೂ ಕೆಲವು ವರ್ಷ. ಖರ್ಚು ದಶಲಕ್ಷಗಟ್ಟಲೆ ಡಾಲರ್. ಅರವತ್ತು ಸಾವಿರ ವಸ್ತುಗಳಿಗೆ ಇದನ್ನು ಮಾಡಲು ಅಷ್ಟು ಇಲಿಗಳೂ ಇಲ್ಲ, ಅಷ್ಟು ಆಯುಷ್ಯವೂ ಇಲ್ಲ.

* * *

ಪರೀಕ್ಷಿಸಲಾಗದಿದ್ದರೆ ಅಂದಾಜು ಮಾಡಬಹುದೇ? ಈ ಪ್ರಶ್ನೆಗೆ ಕಂಪ್ಯೂಟರಿಗಿಂತ ಹೆಚ್ಚು ವಯಸ್ಸಾಗಿದೆ.

1899ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಹಾನ್ಸ್ ಮೇಯರ್, 1901ರಲ್ಲಿ ಜೂರಿಕ್‌ನಲ್ಲಿ ಚಾರ್ಲ್ಸ್ ಓವರ್ಟನ್ ಪರಸ್ಪರ ಸಂಬಂಧವಿಲ್ಲದೆ ಒಂದೇ ಸಂಗತಿಯನ್ನು ಕಂಡುಕೊಂಡರು. ಗೊದಮೊಟ್ಟೆಗಳನ್ನು ಮಂಪರಿಗೆ ತಳ್ಳುವ ವಸ್ತುವಿನ ಶಕ್ತಿಗೂ ಅದು ನೀರಿಗಿಂತ ಆಲಿವ್ ಎಣ್ಣೆಯಲ್ಲಿ ಎಷ್ಟು ಹೆಚ್ಚು ಕರಗುತ್ತದೆ ಎಂಬುದಕ್ಕೂ ನೇರ ನಂಟು. ಎಣ್ಣೆಯ ಕಡೆಗೆ ಒಲವಿದ್ದಷ್ಟೂ ಮಂಪರು ಜಾಸ್ತಿ. ಅಂದರೆ ಗೊದಮೊಟ್ಟೆಯನ್ನು ಮುಟ್ಟದೆ, ಒಂದು ಶೀಷೆಯಲ್ಲಿ ಎಣ್ಣೆ ನೀರು ಕಲಸಿ ನೋಡಿಯೇ, ಅದಕ್ಕೆ ಏನಾಗಬಹುದು ಎಂದು ಊಹಿಸಬಹುದು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಕಾರ್ವಿನ್ ಹಾನ್ಷ್ ಮತ್ತು ಜಪಾನಿನ ತೋಷಿಯೊ ಫುಜಿತಾ ಇದನ್ನು ಸಮೀಕರಣವಾಗಿಸಿದರು. ಅಣುವಿನ ರಚನೆಯ ಕೆಲವು ಗುಣಗಳನ್ನು ಅಂಕಿಯಾಗಿಸಿ ಕೂಡಿದರೆ ಅದರ ಪರಿಣಾಮದ ಅಂದಾಜು ಸಿಗುತ್ತದೆ. ಗಣಕ ವಿಷವಿಜ್ಞಾನದ ಬೇರು ಇಲ್ಲಿದೆ.

ಇದನ್ನು ಸರ್ಕಾರಿ ಕಚೇರಿಗೆ ತಂದದ್ದು ತುರ್ತು. 1976ರ ಕಾಯ್ದೆಯ ಪ್ರಕಾರ ಹೊಸ ರಾಸಾಯನಿಕ ತಯಾರಿಸುವ ಮುನ್ನ ಕಂಪನಿ ಇಪಿಎಗೆ ತಿಳಿಸಬೇಕು. ಸಂಸ್ಥೆಗೆ ಪರಿಶೀಲಿಸಲು ಇರುವುದು 90 ದಿನ. ಅರ್ಜಿಯೊಡನೆ ಪರೀಕ್ಷೆಯ ಫಲಿತಾಂಶ ಇರಲೇಬೇಕೆಂದೇನೂ ಇರಲಿಲ್ಲ. ಬಹುಪಾಲು ಅರ್ಜಿಗಳಲ್ಲಿ ಇರುತ್ತಲೂ ಇರಲಿಲ್ಲ. ಹಾಗಾಗಿ ಅಧಿಕಾರಿಗಳು ನಮ್ಮ ಹಿರಿಯರು ಸಂಬಂಧ ಹುಡುಕುವಾಗ ಮಾಡುವುದನ್ನೇ ಮಾಡಿದರು. ಹುಡುಗನನ್ನು ಕಂಡಿಲ್ಲ; ಮನೆತನ ಯಾವುದು, ಅಣ್ಣತಮ್ಮಂದಿರು ಎಂಥವರು ಎಂದು ವಿಚಾರಿಸಿದರು. ರಚನೆಯಲ್ಲಿ ಹತ್ತಿರವಿರುವ, ಗುಣ ಗೊತ್ತಿರುವ ವಸ್ತುವನ್ನು ನೋಡಿ ಹೊಸದರ ಗುಣವನ್ನು ಅಳೆದರು.

ಮಿನೆಸೋಟಾದ ಡುಲೂತ್‌ನಲ್ಲಿ, ಸುಪೀರಿಯರ್ ಸರೋವರದ ದಡದ ಇಪಿಎ ಪ್ರಯೋಗಾಲಯ, ಈ ಅಂದಾಜಿಗೆ ಆಧಾರ ಒದಗಿಸಲು ಫ್ಯಾಟ್‌ಹೆಡ್ ಮಿನ್ನೊ ಎಂಬ ಪುಟ್ಟ ಮೀನಿನ ಮೇಲೆ ಆರು ನೂರಕ್ಕೂ ಹೆಚ್ಚು ರಾಸಾಯನಿಕಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿತು. ಅಣುವಿನ ಚಿತ್ರವನ್ನು ಕಂಪ್ಯೂಟರಿಗೆ ಓದಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹೊಳೆದದ್ದೂ ಅಲ್ಲೇ. 1980ರ ದಶಕದಲ್ಲಿ ಡೇವಿಡ್ ವೈನಿಂಗರ್ ಅಣುವನ್ನು ಒಂದು ಸಾಲಿನ ಅಕ್ಷರಗಳಾಗಿ ಬರೆಯುವ ‘ಸ್ಮೈಲ್ಸ್’ ಎಂಬ ಲಿಪಿ ರೂಪಿಸಿದರು. ಇಂಗಾಲಕ್ಕೆ ಸಿ, ಆಮ್ಲಜನಕಕ್ಕೆ ಓ; ಮದ್ಯದಲ್ಲಿರುವ ಎಥನಾಲ್ ‘ಸಿ ಸಿ ಓ’. ಮೂರೇ ಅಕ್ಷರ. ಇದಕ್ಕೆ ವ್ಯಾಕರಣವಿದೆ, ಕಾಗುಣಿತದ ತಪ್ಪೂ ಆಗಬಹುದು. ಇಂದಿಗೂ ರಾಸಾಯನಿಕಗಳ ಡೇಟಾಬೇಸುಗಳು ಇದನ್ನು ಬಳಸುತ್ತವೆ.

* * *

ಅಂದಾಜಿನ ಸಮೀಕರಣವನ್ನು ಪಳಗಿಸಲು ನಿಜವಾದ ಫಲಿತಾಂಶಗಳು ರಾಶಿಗಟ್ಟಲೆ ಬೇಕು. ಅವು ಎಲ್ಲಿಂದ ಬರಬೇಕು? 2005ರಲ್ಲಿ ಇಪಿಎ ನಾರ್ತ್ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಗಣಕ ವಿಷವಿಜ್ಞಾನಕ್ಕೆಂದೇ ಕೇಂದ್ರ ತೆರೆಯಿತು. 2007ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿ ಇನ್ನೊಂದು ವರದಿ ಕೊಟ್ಟಿತು: ಇಡೀ ಪ್ರಾಣಿಯನ್ನು ನೋಡುವ ಬದಲು ಮನುಷ್ಯನ ಜೀವಕೋಶಗಳಲ್ಲಿ ಯಾವ ಕೊಂಡಿ ತಪ್ಪುತ್ತದೆ ಎಂದು ನೋಡಿ. ಅದೇ ವರ್ಷ ಶುರುವಾದ ‘ಟಾಕ್ಸ್‌ಕಾಸ್ಟ್’ ಯೋಜನೆ ಮೊದಲಿಗೆ ಸುಮಾರು 300 ವಸ್ತುಗಳನ್ನು ನೂರಾರು ಬಗೆಯ ಕೋಶ ಪರೀಕ್ಷೆಗಳಿಗೆ ಒಡ್ಡಿತು. ಅವುಗಳಲ್ಲಿ ಬಹುಪಾಲು ಕೀಟನಾಶಕಗಳು. ಕಾರಣ ಸರಳ: ಅವುಗಳ ಪ್ರಾಣಿ ಪರೀಕ್ಷೆಯ ಫಲಿತಾಂಶ ಮೊದಲೇ ಕೈಯಲ್ಲಿತ್ತು, ಹಾಗಾಗಿ ಹೊಸ ವಿಧಾನ ಹೇಳುವುದು ಸರಿಯೋ ತಪ್ಪೋ ಎಂದು ತಾಳೆ ನೋಡಬಹುದಿತ್ತು. 2008ರಲ್ಲಿ ಹಲವು ಸಂಸ್ಥೆಗಳು ಕೂಡಿ ‘ಟಾಕ್ಸ್21’ ಆರಂಭಿಸಿದವು. 1,536 ಪುಟ್ಟ ಗುಳಿಗಳಿರುವ ಪ್ಲೇಟಿನ ಮೇಲೆ ರೋಬೋಟಿನ ಕೈ ಹನಿ ಇಡುತ್ತ ಹೋಯಿತು. ಸುಮಾರು 10,000 ವಸ್ತುಗಳ ಸಂಗ್ರಹ ಪರೀಕ್ಷೆಗೆ ಸಿದ್ಧವಾಯಿತು.

ಬೆಂಕಿ ಬಿದ್ದಾಗ ಬಾವಿ ತೋಡುವುದು ತಪ್ಪಿದ ಒಂದು ಸಂದರ್ಭ 2010ರಲ್ಲಿ ಬಂತು. ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲಬಾವಿ ಸ್ಫೋಟಿಸಿ, ತೇಲುವ ಎಣ್ಣೆಯನ್ನು ಚದುರಿಸಲು ಲಕ್ಷಾಂತರ ಗ್ಯಾಲನ್ ರಾಸಾಯನಿಕ ಸುರಿಯುತ್ತಿದ್ದರು. ಆ ರಾಸಾಯನಿಕ ಹಾರ್ಮೋನುಗಳನ್ನು ಕೆಡಿಸುತ್ತದೆಯೇ ಎಂಬ ಆತಂಕವಿತ್ತು. ಇಪಿಎ ವಿಜ್ಞಾನಿಗಳು 8 ಬಗೆಯ ಚದುರಿಸುವ ರಾಸಾಯನಿಕಗಳನ್ನು ಕೋಶ ಪರೀಕ್ಷೆಗೆ ಒಡ್ಡಿ ಕೆಲವೇ ವಾರಗಳಲ್ಲಿ ಉತ್ತರ ಕೊಟ್ಟರು. ಬಾವಿ ಮೊದಲೇ ತೋಡಿತ್ತು. ಹಗ್ಗ ಬಿಡುವುದಷ್ಟೇ ಬಾಕಿಯಿತ್ತು.

* * *

ಆ ಬಾವಿಯನ್ನು ತೋಡುವವರು ಯಾರು? ವರದಿಗಳಲ್ಲಿ ಮುಖ್ಯ ವಿಜ್ಞಾನಿಗಳ ಹೆಸರಿರುತ್ತದೆ. ಕೆಲಸದ ದೊಡ್ಡ ಪಾಲು ಬೀಳುವುದು ಆಗತಾನೇ ಪದವಿ ಮುಗಿಸಿ ಒಂದೋ ಎರಡೋ ವರ್ಷದ ಸಂಶೋಧನಾ ತರಬೇತಿಗೆಂದು ಬಂದವರ ಮೇಲೆ.

ಇಂಥ ತರಬೇತಿಯ ಏರ್ಪಾಟಿಗೂ ಒಂದು ಹಿನ್ನೆಲೆಯಿದೆ. ಅಣುಬಾಂಬಿಗೆ ಯುರೇನಿಯಂ ಸಿದ್ಧಮಾಡಲು ಟೆನೆಸಿಯಲ್ಲಿ ಗುಟ್ಟಾಗಿ ಕಟ್ಟಿದ ಊರು ಓಕ್ ರಿಜ್. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಲ್ಲಿ ವಿಶ್ವವಿದ್ಯಾಲಯಗಳು ಕೂಡಿ ಅಣುವಿಜ್ಞಾನ ಕಲಿಸುವ ಸಂಸ್ಥೆ ಸ್ಥಾಪಿಸಿದವು. ಅದರ ಮುಂದುವರಿಕೆಯಾದ ಓಕ್ ರಿಜ್ ವಿಜ್ಞಾನ ಮತ್ತು ಶಿಕ್ಷಣ ಸಂಸ್ಥೆ, ಚುಟುಕಾಗಿ ‘ಒರೈಸ್’, ಇಂದು ಹೊಸ ಪದವೀಧರರನ್ನು ಸರ್ಕಾರಿ ಪ್ರಯೋಗಾಲಯಗಳಿಗೆ ಕಳಿಸುತ್ತದೆ. ಹೋದವರು ನೌಕರರಲ್ಲ, ಕಲಿಯುವವರು. ಸಂಬಳವಲ್ಲ, ತಿಂಗಳ ಭತ್ಯೆ. ಒಬ್ಬ ಹಿರಿಯ ವಿಜ್ಞಾನಿಯ ಕೈಕೆಳಗೆ ಕೆಲಸ. ವರ್ಷದ ಅವಧಿ, ಬೇಕಾದರೆ ಮುಂದುವರಿಕೆ. ಗಣಕ ವಿಷವಿಜ್ಞಾನದ ತರಬೇತಿಯೂ ಹೀಗೆಯೇ.

ಅಲ್ಲಿಗೆ ಬರುವವರು ರಸಾಯನಶಾಸ್ತ್ರ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಓದಿದವರು. ಹೊರಗಿನವರಿಗೆ ಅದು ಕೃತಕ ಬುದ್ಧಿಮತ್ತೆಯ ಮಾದರಿ ಕಟ್ಟುವ ಕೆಲಸವೆಂದು ಕಾಣುತ್ತದೆ. ಅದೂ ಇರುತ್ತದೆ. ಆದರೆ ಮಾದರಿಗೆ ಉಣಿಸುವ ಮೊದಲು ಕಾಳು ಆರಿಸಬೇಕು. ಹಳೆಯ ಪ್ರಾಣಿ ಪರೀಕ್ಷೆಗಳ ವರದಿಗಳು ಸ್ಕ್ಯಾನ್ ಮಾಡಿದ ಮಸುಕು ಹಾಳೆಗಳಲ್ಲಿವೆ. ಅವನ್ನು ಓದಿ ಯಾವ ಪ್ರಾಣಿ, ಎಷ್ಟು ಪ್ರಮಾಣ, ಎಷ್ಟು ದಿನ, ಯಾವ ಅಂಗದಲ್ಲಿ ಏನು ಕಂಡಿತು ಎಂದು ಕಾಲಂ ಕಾಲಂ ತುಂಬಬೇಕು. ಒಬ್ಬರು ‘ಯಕೃತ್ತು ದೊಡ್ಡದಾಗಿದೆ’ ಎಂದು ಬರೆದರೆ ಇನ್ನೊಬ್ಬರು ‘ಯಕೃತ್ತಿನ ತೂಕ ಏರಿದೆ’ ಎಂದಿರುತ್ತಾರೆ. ಎರಡೂ ಒಂದೇ ಅರ್ಥವೋ ಅಲ್ಲವೋ ಎಂದು ತೀರ್ಮಾನಿಸಬೇಕು. ನಿಘಂಟು ಮಾಡುವವರ ಕೆಲಸಕ್ಕೆ ಇದು ಬಲು ಹತ್ತಿರ.

ಎಲ್ಲಕ್ಕಿಂತ ಮೊದಲು ಬರುವುದು ಹೆಸರಿನ ಪ್ರಶ್ನೆ. ಮಲೆನಾಡಿನ ಅಡಿಕೆ ತೋಟದವರಿಗೆ ಗೊತ್ತಿರುವ ಮೈಲುತುತ್ತವನ್ನೇ ತೆಗೆದುಕೊಳ್ಳೋಣ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಬೆರೆಸುವ ನೀಲಿ ಹರಳು. ಇಂಗ್ಲಿಷಿನಲ್ಲಿ ಅದು ಬ್ಲೂ ವಿಟ್ರಿಯಾಲ್, ಬ್ಲೂಸ್ಟೋನ್, ಕ್ಯೂಪ್ರಿಕ್ ಸಲ್ಫೇಟ್, ಕಾಪರ್ ಸಲ್ಫೇಟ್. ಇಷ್ಟು ಹೆಸರುಗಳ ಗೊಂದಲ ತಪ್ಪಿಸಲೆಂದೇ 1965ರಿಂದ ಅಮೆರಿಕದ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸರ್ವಿಸ್ ಪ್ರತಿ ವಸ್ತುವಿಗೂ ಒಂದು ನೋಂದಣಿ ಸಂಖ್ಯೆ ಕೊಡುತ್ತ ಬಂದಿದೆ. ಆ ಪಟ್ಟಿಯಲ್ಲಿ ಈಗ 20 ಕೋಟಿಗೂ ಹೆಚ್ಚು ವಸ್ತುಗಳಿವೆ. ಮೈಲುತುತ್ತದ ಸಂಖ್ಯೆ 7758-99-8. ಆದರೆ ಹರಳನ್ನು ಕಾಯಿಸಿ ಒಳಗಿನ ನೀರು ಆರಿಸಿದರೆ ಉಳಿಯುವ ಬಿಳಿ ಪುಡಿಗೆ ಇನ್ನೊಂದು ಸಂಖ್ಯೆ, 7758-98-7. ಎರಡನ್ನೂ ಜನ ಕಾಪರ್ ಸಲ್ಫೇಟ್ ಎಂದೇ ಕರೆಯುತ್ತಾರೆ. ಹರಳಿನ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ನೀರು. ಒಂದರ ಪರೀಕ್ಷೆಯ ಫಲಿತಾಂಶವನ್ನು ಇನ್ನೊಂದರ ಹೆಸರಿಗೆ ಬರೆದರೆ ವಿಷದ ಪ್ರಮಾಣವೇ ತಪ್ಪುತ್ತದೆ.

ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಕಾವಲುಗಾರನಂತೆ. ನೀರಿನ ಸಂಖ್ಯೆ 7732-18-5. ಕೊನೆಯ 5ನ್ನು ಬಿಟ್ಟು ಉಳಿದವನ್ನು ಬಲದಿಂದ ಎಡಕ್ಕೆ 1, 2, 3 ಎಂದು ಗುಣಿಸುತ್ತ ಕೂಡಿದರೆ 105 ಬರುತ್ತದೆ. ಅದರ ಬಿಡಿಸ್ಥಾನ 5, ಸಂಖ್ಯೆ ಸರಿಯಿದೆ. ಟೈಪಿಸುವಾಗ ಬೆರಳು ತಪ್ಪಿದ್ದರೆ ಇದು ಹಿಡಿಯುತ್ತದೆ. ಆದರೆ ಸರಿಯಾದ ಸಂಖ್ಯೆಯನ್ನು ತಪ್ಪು ವಸ್ತುವಿಗೆ ಅಂಟಿಸಿದ್ದರೆ ಯಾವ ಲೆಕ್ಕವೂ ಹಿಡಿಯಲಾರದು. ಅದಕ್ಕೆ ಮನುಷ್ಯನ ಕಣ್ಣೇ ಬೇಕು. ಇಪಿಎಯಲ್ಲಿ ಆ್ಯನ್ ರಿಚರ್ಡ್ ಎಂಬ ವಿಜ್ಞಾನಿ 2000ರ ದಶಕದಲ್ಲಿ ಆರಂಭಿಸಿದ ‘ಡಿಎಸ್‌ಎಸ್‌ಟಾಕ್ಸ್’ ಮಾಡುತ್ತಿರುವುದು ಇದನ್ನೇ: ಹೆಸರು, ಸಂಖ್ಯೆ, ರಚನೆ ಮೂರನ್ನೂ ತಾಳೆ ನೋಡಿ ಒಂದು ಗಂಟು ಹಾಕುವುದು. ಅದರ ಮೇಲೆ ಕಟ್ಟಿ 2016ರಲ್ಲಿ ತೆರೆದಿಟ್ಟ ‘ಕಾಂಪ್‌ಟಾಕ್ಸ್’ ಸಂಗ್ರಹದಲ್ಲಿ ಈಗ 12 ಲಕ್ಷಕ್ಕೂ ಹೆಚ್ಚು ವಸ್ತುಗಳ ಜಾತಕವಿದೆ. ಯಾರು ಬೇಕಾದರೂ, ಬೆಳಗಾವಿಯ ವಿದ್ಯಾರ್ಥಿಯೂ ಪುಣೆಯ ಕಾರ್ಖಾನೆಯ ಸುರಕ್ಷತಾ ಅಧಿಕಾರಿಯೂ, ಕಾಸು ಕೊಡದೆ ನೋಡಬಹುದು.

* * *

ಇಷ್ಟಾದರೂ ಈ ವಿದ್ಯೆಯ ಕೈ ಎಲ್ಲೆಡೆ ಚಾಚುವುದಿಲ್ಲ. ಪ್ಲೇಟಿನ ಗುಳಿಯಲ್ಲಿರುವ ಕೋಶಕ್ಕೆ ಪಕ್ಕದಲ್ಲಿ ಯಕೃತ್ತು ಇಲ್ಲ. ಮೈಯೊಳಗೆ ಹೋದ ವಸ್ತುವನ್ನು ಯಕೃತ್ತು ಬೇರೆಯದಾಗಿ ಮಾರ್ಪಡಿಸುತ್ತದೆ. ಕೆಲವೊಮ್ಮೆ ಆ ಮಾರ್ಪಾಟೇ ವಿಷ. ಗಾಳಿಗೆ ಹಾರಿಹೋಗುವ ವಸ್ತುಗಳನ್ನು ತೆರೆದ ಗುಳಿಯಲ್ಲಿ ಪರೀಕ್ಷಿಸುವುದು ಕಷ್ಟ. ಮೀಥೈಲ್ ಐಸೋಸಯನೇಟ್ ಅಂಥದ್ದು. ನೀರು ತಾಗಿದರೆ ಅದು ಉಕ್ಕುತ್ತದೆ, ಜೀವಕೋಶಗಳಿಗಾದರೋ ನೀರೇ ಬದುಕು. ಈ ಎಲ್ಲ ಚರ್ಚೆಗೆ ತಳ್ಳಿದ ಭೋಪಾಲದ ಅನಿಲ ಈ ಯಂತ್ರದ ಬಲೆಗೆ ಬೀಳುವುದು ಸುಲಭವಲ್ಲ.

ಇನ್ನೊಂದು ಮಿತಿಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಂಡೋಸಲ್ಫಾನ್ ಹೆಸರಿಲ್ಲದ, ಪರೀಕ್ಷೆಯಿಲ್ಲದ ವಸ್ತುವಾಗಿರಲಿಲ್ಲ. ಕೀಟನಾಶಕವಾದ್ದರಿಂದ ಅದರ ಕಡತ ದಪ್ಪವಾಗಿಯೇ ಇತ್ತು. ಎಣ್ಮಕಜೆಯ ಪಡ್ರೆಯಲ್ಲಿ ಮಕ್ಕಳ ಕಾಯಿಲೆಗಳು ಒಂದೇ ರೀತಿ ಕಾಣುತ್ತಿವೆ ಎಂದು ಮೊದಲು ಗಮನಿಸಿದ್ದು ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಅದನ್ನು ಹೊರಗಿನ ಲೋಕಕ್ಕೆ ಮುಟ್ಟಿಸಿದವರಲ್ಲಿ ಪತ್ರಕರ್ತ ಶ್ರೀ ಪಡ್ರೆ ಒಬ್ಬರು. ಒಂದು ಸರ್ಕಾರಿ ಅಧ್ಯಯನ ನಂಟು ಇದೆ ಎಂದಿತು, ಇನ್ನೊಂದು ಸಮಿತಿ ಇಲ್ಲ ಎಂದಿತು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ತಡೆಯೊಡ್ಡಿತು. ಖಾಲಿ ಕಾಲಂ ಅಪಾಯ ನಿಜ. ತುಂಬಿದ ಕಾಲಂ ಇದ್ದೂ ಊರಿನವರ ಮಾತು ಕೇಳದಿರುವುದು ಅದಕ್ಕೆ ಕಡಿಮೆಯಲ್ಲ.

ಆದರೂ ಮೊದಲ ಹೆಜ್ಜೆ ಕಾಲಂ ತುಂಬುವುದೇ. ‘ಮಾಹಿತಿ ಲಭ್ಯವಿಲ್ಲ’ ಎಂಬ ಮಾತನ್ನು ಕಾರ್ಖಾನೆ ‘ಅಪಾಯ ಕಂಡಿಲ್ಲ’ ಎಂದು ಓದುತ್ತದೆ, ನದಿಯ ಕೆಳಗಿನ ಊರು ‘ಯಾರೂ ನೋಡಿಲ್ಲ’ ಎಂದು ಓದುತ್ತದೆ. ಎರಡನೆಯ ಓದೇ ಸರಿ ಎಂದು ಕಾನೂನು ಒಪ್ಪಲು ಬಹಳ ಕಾಲ ಹಿಡಿಯಿತು. 2016ರ ಜೂನ್‌ನಲ್ಲಿ ಅಮೆರಿಕ 1976ರ ಕಾಯ್ದೆಯನ್ನು ತಿದ್ದಿತು. ಹಳೆಯ ರಾಸಾಯನಿಕಗಳನ್ನೂ ಸರದಿಯಂತೆ ಪರಿಶೀಲಿಸಬೇಕು, ಪ್ರಾಣಿಗಳ ಬದಲು ಬೇರೆ ವಿಧಾನಗಳನ್ನು ಆದಷ್ಟೂ ಬಳಸಬೇಕು ಎಂದಿತು. ಆದರೆ 2025ರ ಜುಲೈನಲ್ಲಿ ಇಪಿಎ ತನ್ನ ಸಂಶೋಧನೆ ಮತ್ತು ಅಭಿವೃದ್ಧಿ ವಿಭಾಗವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಗಣಕ ವಿಷವಿಜ್ಞಾನದ ಕೇಂದ್ರ ಇದ್ದದ್ದು ಆ ವಿಭಾಗದಲ್ಲೇ. ಇಂಥ ಕೆಲಸ ನಿಂತರೆ ಮರುದಿನವೇ ಯಾರಿಗೂ ತಿಳಿಯುವುದಿಲ್ಲ. ಮುಂದಿನ ಸಲ ಯಾವುದೋ ಟ್ಯಾಂಕು ತೂತು ಬಿದ್ದ ದಿನ ತಿಳಿಯುತ್ತದೆ.

ಚಾರ್ಲ್ಸ್‌ಟನ್‌ಗೆ ಉತ್ತರ ಸಿಕ್ಕಿತು, ತಡವಾಗಿ. ಸೋರಿಕೆಯ ನಂತರ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ಎಂಸಿಎಚ್‌ಎಂ ಮತ್ತು ಅದರ ಜೊತೆ ಹರಿದ ಇತರ ವಸ್ತುಗಳನ್ನು ಇಲಿ, ಮೀನು, ಹುಳು, ಜೀವಕೋಶಗಳ ಮೇಲೂ ಕಂಪ್ಯೂಟರ್ ಅಂದಾಜಿನಲ್ಲೂ ಪರೀಕ್ಷಿಸಿತು. ಬಹಳ ಹೆಚ್ಚಿನ ಪ್ರಮಾಣ ಕೊಟ್ಟ ಗರ್ಭಿಣಿ ಇಲಿಗಳ ಮರಿಗಳಲ್ಲಿ ತೂಕ ಕಡಿಮೆಯಾಗಿತ್ತು. ಆ ಪ್ರಮಾಣ ನಲ್ಲಿ ನೀರಿಗೆ ಹಾಕಿದ್ದ ಮಿತಿಗಿಂತ ಎಷ್ಟೋ ಮೇಲಿತ್ತು. ಮೂರು ಸಲ 10ರಿಂದ ಭಾಗಿಸಿದ ಆ ಲೆಕ್ಕ ಒಟ್ಟಿನಲ್ಲಿ ಹಿಡಿದ ದಾರಿ ತಪ್ಪಿರಲಿಲ್ಲ ಎಂದಾಯಿತು. ಈ ಕೊನೆಯ ಮಾತು ಹೊರಬಿದ್ದದ್ದು 2016ರಲ್ಲಿ. ಆ ಜನವರಿಯಲ್ಲಿ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳು ಅಷ್ಟರಲ್ಲಿ ತಾವೇ ಲೋಟ ಹಿಡಿದು ನೀರು ಕೇಳುತ್ತಿದ್ದರು.